‘ಸಿನ್ಸ್’ ಎಲ್ಲಿ, ‘ಫಾರ್’ ಎಲ್ಲಿ?

‘ನಾನು ಹತ್ತು ವರ್ಷಗಳಿಂದ ಮುಂಬಯಿಯಲ್ಲಿದ್ದೇನೆ.’ ಹೊರನಾಡ ಕನ್ನಡಿಗರಿಗೆ ಮೇಲಿಂದ ಮೇಲೆ ಬೇಕಾಗುವ ವಾಕ್ಯವಿದು. ಇದನ್ನು ಇಂಗ್ಲಿಷಿನಲ್ಲಿ ಹೇಳಹೊರಟ ನಮ್ಮಲ್ಲಿ ಅನೇಕರು ‘ಐ ಆಮ್ ಲಿವಿಂಗ್ ಇನ್ ಮುಂಬಯಿ ಸಿನ್ಸ್ ಟೆನ್ ಇಯರ್ಸ್’ ಎಂದುಬಿಡುವುದುಂಟು. ಈ ತಪ್ಪು ತಾಯ್ನುಡಿಯ ರೂಢಿಯಿಂದ ಬಂದುದು. ಕನ್ನಡದ ‘ಇಂದ’ ಪ್ರತ್ಯಯವು ‘2015ರಿಂದ’ ಎಂಬಲ್ಲಿ ಆರಂಭವನ್ನೂ ‘ಹತ್ತು ವರ್ಷಗಳಿಂದ’ ಎಂಬಲ್ಲಿ ಅವಧಿಯನ್ನೂ ಸೂಚಿಸುತ್ತದೆ. ಹಿಂದಿಯ ‘ಸೇ’, ಮರಾಠಿಯ ‘ಪಾಸೂನ್’ ಕೂಡ ಹಾಗೆಯೇ. ಆದುದರಿಂದ ನೆರೆಹೊರೆಯವರ ಇಂಗ್ಲಿಷೂ ನಮ್ಮ ತಪ್ಪನ್ನು ತಿದ್ದಲಾರದು. ಇಂಗ್ಲಿಷಾದರೋ ಆರಂಭಕ್ಕೆ ‘ಸಿನ್ಸ್’, ಅವಧಿಗೆ ‘ಫಾರ್’ ಎಂದು ಇವೆರಡನ್ನೂ ಬೇರ್ಪಡಿಸಿದೆ.

ಕ್ರಿಯಾಪದದಲ್ಲಿಯೂ ಎಚ್ಚರ ಬೇಕು. ‘ಐ ಹ್ಯಾವ್ ಲಿವ್ಡ್ ಇನ್ ಮುಂಬಯಿ ಫಾರ್ ಟೆನ್ ಇಯರ್ಸ್’ ಎಂದರೆ ಸಾಮಾನ್ಯವಾಗಿ ಈಗಲೂ ಇದ್ದೇನೆಂದು ಅರ್ಥ. ‘ಹ್ಯಾವ್’ ಬಿಟ್ಟು ಬರಿದೆ ‘ಲಿವ್ಡ್’ ಎಂದರೆ ಆ ವಾಸ ಮುಗಿದುಹೋಯಿತು. ಉದ್ಯೋಗದ ಅರ್ಜಿಯಲ್ಲಿ ‘ಹ್ಯಾವ್ ವರ್ಕ್ಡ್’ ಎನ್ನಬೇಕಾದಲ್ಲಿ ‘ವರ್ಕ್ಡ್’ ಎಂದು ಬರೆದರೆ, ಕೈಯಲ್ಲಿರುವ ನೌಕರಿಯನ್ನು ಬಿಟ್ಟವರೆಂದು ಓದಿದವರು ತಿಳಿದಾರು.

ನೆನಪಿಡಲು ಸುಲಭವಾದ ದಾರಿಯೊಂದಿದೆ. ‘ಎಂದಿನಿಂದ?’ ಎಂಬ ಪ್ರಶ್ನೆಗೆ ‘ಸಿನ್ಸ್’, ‘ಎಷ್ಟು ಕಾಲದಿಂದ?’ ಎಂಬುದಕ್ಕೆ ‘ಫಾರ್’. ತಾಯ್ನುಡಿಯಲ್ಲಿ ಹೀಗೆ ಕೇಳಿಕೊಂಡು ನುಡಿದವರು ಪರನುಡಿಯಲ್ಲಿ ಎಡವರು.