ಯೋಜನಾ ನಿರ್ವಹಣೆಯ ಪ್ರಮಾಣಪತ್ರಗಳು

ಸೇತುವೆ ಕಟ್ಟುವುದೂ ಯೋಜನೆ, ಸಾಹಿತ್ಯ ಸಮ್ಮೇಳನ ನಡೆಸುವುದೂ ಯೋಜನೆ. ಆರಂಭ, ಅಂತ್ಯಗಳುಳ್ಳ, ಹಣಕ್ಕೂ ಕಾಲಕ್ಕೂ ಮಿತಿಯಿರುವ ಕಾರ್ಯವೆಲ್ಲ ಯೋಜನೆಯೇ. ಅದನ್ನು ನಡೆಸುವ ವಿದ್ಯೆಗೆ ಈಗ ಪರೀಕ್ಷೆಗಳಿವೆ, ಪ್ರಮಾಣಪತ್ರಗಳಿವೆ. ಅವುಗಳದೇ ಒಂದು ಸಂತೆಯೂ ಇದೆ. ಬಿ.ಇ. ಮುಗಿಸಿದ ತರುಣನೊಬ್ಬ ತಂದೆಯ ಉಳಿತಾಯವನ್ನು ನೆಚ್ಚಿ ಈ ಸಂತೆಗೆ ಹೊರಟರೆ ಮೊದಲು ಏನನ್ನು ವಿಚಾರಿಸಬೇಕು?

ಅಮೆರಿಕದಲ್ಲಿ 1969ರಲ್ಲಿ ಸ್ಥಾಪಿತವಾದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ 1984ರಿಂದ ಪಿ.ಎಂ.ಪಿ. ಪರೀಕ್ಷೆಯನ್ನು ನಡೆಸುತ್ತಿದೆ. ಇದು ಹೊಸಬರಿಗೆಂದು ಹುಟ್ಟಿದ್ದಲ್ಲ. ನಾಲ್ಕು ವರ್ಷದ ಪದವಿಯಿದ್ದವರೂ 36 ತಿಂಗಳ ಕಾಲ ಯೋಜನೆಗಳನ್ನು ಮುನ್ನಡೆಸಿರಬೇಕು. 35 ಗಂಟೆಗಳ ತರಬೇತಿ ಪಡೆದಿರಬೇಕು. ಪಾಠ ಹೇಳುವ ಕೇಂದ್ರ ಶುಲ್ಕ ಪಡೆದು ಗಂಟೆಗಳನ್ನು ಕೊಡಬಲ್ಲದು, ತಿಂಗಳುಗಳನ್ನು ಕೊಡಲಾರದು. ಕೇಂದ್ರ ತಾನೇ ಮುದ್ರಿಸಿಕೊಡುವ ಹಾಜರಾತಿ ಪತ್ರವಂತೂ ಪಿ.ಎಂ.ಪಿ. ಅಲ್ಲವೇ ಅಲ್ಲ. ಅನುಭವವಿಲ್ಲದವರಿಗೆ ಅದೇ ಸಂಸ್ಥೆಯ ಸಿ.ಎ.ಪಿ.ಎಂ. ಉಂಟು, ಅದಕ್ಕೆ 23 ಗಂಟೆಗಳ ತರಬೇತಿ ಸಾಕು.

ಬ್ರಿಟನ್ನಿನ ದಾರಿ ಬೇರೆ. ಸರ್ಕಾರದ ಗಣಕ ಯೋಜನೆಗಳಿಗಾಗಿ 1989ರಲ್ಲಿ ಬಂದ ಪದ್ಧತಿ 1996ರಲ್ಲಿ ಪ್ರಿನ್ಸ್-2 ಎಂದಾಯಿತು. ಇದರ ಮೊದಲ ಹಂತಕ್ಕೆ ಅನುಭವದ ಕಟ್ಟಳೆಯಿಲ್ಲ. ಬ್ರಿಟಿಷ್ ಸಂಸ್ಥೆಗಳೊಡನೆ ವ್ಯವಹರಿಸುವವರಿಗೆ ಇದು ಹೆಚ್ಚು ಒದಗೀತು.

ತಾನು ಸೇರಬಯಸುವ ಕಚೇರಿಗಳ ನೇಮಕಾತಿ ಪ್ರಕಟಣೆಗಳನ್ನು ತರುಣನು ಮೊದಲು ಓದಲಿ. ಅಲ್ಲಿ ಕೇಳದ ಪ್ರಮಾಣಪತ್ರಕ್ಕೆ ಸಾಲ ಮಾಡುವುದು ತರವಲ್ಲ. ಖರ್ಚು ಒಮ್ಮೆಗೇ ಮುಗಿಯುವುದೂ ಇಲ್ಲ. ಪಿ.ಎಂ.ಪಿ. ಉಳಿಸಿಕೊಳ್ಳಲು ಪ್ರತಿ ಮೂರು ವರ್ಷಕ್ಕೆ 60 ಅಂಕಗಳಷ್ಟು ಮುಂದುವರಿದ ಕಲಿಕೆಯನ್ನು ತೋರಿಸಿ, ನವೀಕರಣದ ಶುಲ್ಕವನ್ನೂ ತೆರಬೇಕು.