ಪಾಚಿ ಮಾತ್ರೆ ತಗೊಂಡ್ರೆ ಶುಗರ್ ಇಳಿಯುತ್ತಾ?

ಅಪ್ಪ ಶುಗರ್ ಮಾತ್ರೆ ಬಿಟ್ಟು ಸ್ಪಿರುಲಿನಾ ಶುರು ಮಾಡಿದ್ದು ನಂಗೆ ಗೊತ್ತಾಗಿದ್ದು, ಮಾತ್ರೆ ಸ್ಟ್ರಿಪ್‌ಗಳು ಹಾಗೇ ಉಳಿದಿದ್ದು ನೋಡಿದಾಗ. ‘ಪಾಚಿ ತಾನೇ, ಏನೂ ಆಗಲ್ಲ ಬಿಡು’ ಅಂದ್ರು.

ಅವರ ನಂಬಿಕೆ ಪೂರ್ತಿ ಸುಳ್ಳೇನಲ್ಲ. ಟೈಪ್ 2 ಮಧುಮೇಹ ಇದ್ದ 25 ಜನರ ಮೇಲೆ ಬರೋಡಾದಲ್ಲಿ ನಡೆದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯ್ತು. 2 ತಿಂಗಳು ದಿನಕ್ಕೆ 2 ಗ್ರಾಂ ಸ್ಪಿರುಲಿನಾ ತಗೊಂಡವರಲ್ಲಿ ಶುಗರ್, ಟ್ರೈಗ್ಲಿಸರೈಡ್, ಕೆಟ್ಟ ಕೊಲೆಸ್ಟ್ರಾಲ್ ಇಳಿದಿತ್ತು. ಆದ್ರೆ 25 ಜನ ಅಂದ್ರೆ ಒಂದು ಮಿನಿಬಸ್ ತುಂಬಬಹುದು, ಅಷ್ಟೇ. ಆಮೇಲಿನ ಪ್ರಯೋಗಗಳೂ ಹೆಚ್ಚಾಗಿ ಚಿಕ್ಕವೇ. ಕೊಲೆಸ್ಟ್ರಾಲ್‌ಗೆ ಸ್ವಲ್ಪ ಅನುಕೂಲ ಕಾಣುತ್ತೆ. 3 ತಿಂಗಳ ಸರಾಸರಿ ಹೇಳೋ ಎಚ್‌ಬಿಎ1ಸಿ ಮೇಲೆ ಅಷ್ಟು ಖಚಿತ ಇಲ್ಲ. ಮಾತ್ರೆಗೆ ಬದಲಿ ಅನ್ನೋಷ್ಟು ಆಧಾರವಂತೂ ಇಲ್ಲ.

ಸರಿಯಾಗಿ ಪರೀಕ್ಷಿಸದ ಪುಡಿಯಲ್ಲಿ ಲಿವರ್‌ಗೆ ಹಾನಿ ಮಾಡೋ ವಿಷ ಬೆರೆತಿರೋ ಅಪಾಯ ಬೇರೆ.

ಅಪ್ಪ ಈಗ ಮತ್ತೆ ಮಾತ್ರೆ ತಗೋತಿದ್ದಾರೆ. ಪಾಚಿ ಡಬ್ಬಿ ಡಾಕ್ಟರ್‌ಗೆ ತೋರಿಸೋಕೆ ನನ್ನ ಬ್ಯಾಗಲ್ಲಿದೆ.