ನೆಗಡಿಗೆ ಔಷಧ, ಹೊಟ್ಟೆಗೆ ಉಪದ್ರವ

ಕಳೆದ ಮಳೆಗಾಲದಲ್ಲಿ ನೆಗಡಿ, ಕೆಮ್ಮು ವಾರವಾದರೂ ಬಿಡಲಿಲ್ಲ. ಮಧುಮೇಹಿಯಾದ ನಾನು ‘ಸಕ್ಕರೆರಹಿತ’ ಸಿರಪ್ಪನ್ನೇ ಕೇಳಿ ತಂದೆ. ಎರಡನೆಯ ದಿನವೇ ಹೊಟ್ಟೆಯುಬ್ಬರ, ಭೇದಿ. ನಾನು ಮದುವೆಯೂಟವನ್ನು ದೂರಿದೆ. ಪತ್ನಿ ನನ್ನ ಜಿಹ್ವಾಚಾಪಲ್ಯವನ್ನು ದೂರಿದಳು. ವೈದ್ಯರು ಮಾತ್ರ ಸೀಸೆಯನ್ನು ತರಿಸಿ, ‘ಸಾರ್ಬಿಟಾಲ್ ಬೇಸ್’ ಎಂಬ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟರು. ಸಿರಪ್ಪು ಬದಲಿಸಿದ ಮರುದಿನವೇ ಹೊಟ್ಟೆ ತಹಬಂದಿಗೆ ಬಂತು.

ಸಾರ್ಬಿಟಾಲ್ ಸಕ್ಕರೆಗೆ ಬದಲಾಗಿ ಬಳಸುವ ಸಿಹಿಕಾರಕ. ಸಣ್ಣ ಕರುಳು ಅದನ್ನು ಪೂರ್ಣವಾಗಿ ಹೀರಿಕೊಳ್ಳುವುದಿಲ್ಲ. ಉಳಿದದ್ದು ದೊಡ್ಡ ಕರುಳಿಗಿಳಿದು ನೀರನ್ನು ಸೆಳೆಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ವಾಯುವನ್ನುಂಟುಮಾಡುತ್ತವೆ. 10 ಗ್ರಾಂನಷ್ಟು ಸಾರ್ಬಿಟಾಲ್ ಕೂಡ ಹಲವರ ಹೊಟ್ಟೆಯುಬ್ಬರಕ್ಕೆ ಸಾಕು. ಮಾತ್ರೆಗಳಿಗೆ ಬೆರೆಸುವ ಲ್ಯಾಕ್ಟೋಸ್‌ನ ಪ್ರಮಾಣ ಅಲ್ಪವಾದರೂ, ಹಾಲು ಒಗ್ಗದ ಕೆಲವರಿಗೆ ಅದೂ ತೊಂದರೆ ಕೊಟ್ಟೀತು.

ಇವನ್ನು ‘ನಿಷ್ಕ್ರಿಯ ಘಟಕ’ಗಳೆನ್ನುತ್ತಾರೆ. ರೋಗದ ಮಟ್ಟಿಗೆ ಅವು ನಿಷ್ಕ್ರಿಯವೇ, ಕರುಳಿನ ಮಟ್ಟಿಗಲ್ಲ. ನನ್ನ ಸೀಸೆಯ ಮೇಲೆ ಔಷಧಗಳಿಗೆ ಮಿಲಿಗ್ರಾಂ ಲೆಕ್ಕವಿತ್ತು. ಸಾರ್ಬಿಟಾಲ್‌ಗೆ ಲೆಕ್ಕವೂ ಇರಲಿಲ್ಲ, ಎಚ್ಚರಿಕೆಯೂ ಇರಲಿಲ್ಲ. ಐರೋಪ್ಯ ಒಕ್ಕೂಟದಲ್ಲಿ ಇಂಥ ಘಟಕಗಳನ್ನು ಪೆಟ್ಟಿಗೆಯ ಮೇಲೆ ಹೆಸರಿಸಿ, ಒಳಚೀಟಿಯಲ್ಲಿ ಅವುಗಳ ಪರಿಣಾಮವನ್ನು ತಿಳಿಸಬೇಕೆಂಬ ನಿಯಮವಿದೆ.

ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿಯದಿದ್ದರೆ ಮಾರುಕಟ್ಟೆ ಹೇಗೆ ಕೆಡುತ್ತದೆಂಬುದನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲೇ ಹಳೆಯ ಕಾರುಗಳ ಉದಾಹರಣೆಯಿಂದ ವಿವರಿಸಿದ್ದರು. ಔಷಧವಂತೂ ನಾವು ನುಂಗುವ ವಸ್ತು. ಚೀಟಿಯ ಮೇಲೆ ಇನ್ನೊಂದು ಸಾಲು ಮುದ್ರಿಸಲು ತಗಲುವ ವೆಚ್ಚ ಅತ್ಯಲ್ಪ. ಆ ಸಾಲು ಕಡ್ಡಾಯವಾಗಬೇಕು. ಅಲ್ಲಿಯವರೆಗೆ, ನೆಗಡಿಯ ನಡುವೆ ಹೊಟ್ಟೆ ಕೆಟ್ಟರೆ ಊಟವನ್ನಷ್ಟೇ ಶಂಕಿಸದೆ, ಸೀಸೆಯನ್ನೂ ವೈದ್ಯರಿಗೆ ತೋರಿಸುವುದು ಲೇಸು.